ಖಾಲಿ ಬಾಟಲಿ

ಬೇರೆಯವರ ಮಾತಿಗೆ ಕಿವಿಗೊಟ್ಟು, ಅದನ್ನು ಬರೆಯುವುದು ಸರಿಯಲ್ಲ. ಓದುವವರು ಕ್ಷಮಿಸಬೇಕು. ಕೊಡಗು ಮೈಸೂರಿಗೆ ಸೇರಿದ ಮರುವರ್ಷ, ಶಿರಂಗಾಲದ ದಾರಿಯ ಒಂದು ಊರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಶಿರಂಗಾಲದ ಸೂಲಗಿತ್ತಿ ದೇವೀರಮ್ಮ ಸಂತೆ ಮುಗಿಸಿ ಕೂತಿದ್ದರು. ನಾವು ಕೂತಿದ್ದ ಊರಿನ ಸರ್ಕಾರಿ ಡಿಸ್ಪೆನ್ಸರಿಯ ಕಾಂಪೌಂಡರನ ತಾಯಿ ವಿಶಾಲಾಕ್ಷಮ್ಮ ಓಡಿಬಂದರು.

"ದೇವೀರಕ್ಕ, ಸೊಸೆಗೆ ಬೆಳಗ್ಗಿಂದ ನೋವು. ಡಾಕ್ಟ್ರು ಮಡಿಕೇರಿಗೆ ಹೋಗವ್ರೆ. ಏಳಿ, ಹೋಗಣ."

"ಬಾಟ್ಲಿ ತಂದಿದ್ದೀರಾ?"

"ಹೆರಿಗೆಗೆ ಎಂಥ ಬಾಟ್ಲಿ?"

"ನಿಮ್ಮ ಮಗನ್ನ ಕೇಳಿ. ನಮ್ಮೆಜಮಾನ್ರನ್ನ ಜ್ವರದಲ್ಲಿ ನಾಕು ಮೈಲಿ ನಡೆಸ್ಕಂಡು ಡಿಸ್ಪೆನ್ಸರಿಗೆ ಬಂದೆ. 'ಬಾಟ್ಲಿ ತರದೆ ಬಂದ್ರೆ ಮದ್ದು ಕೈಗೆ ಹುಯ್ಲಾ?' ಅಂತ ವಾಪಸ್ ಕಳಿಸ್ದ. ಮನೆ ಮುಟ್ಟಿದೋರು ಮತ್ತೆ ಏಳ್ಲಿಲ್ಲ."

"ಅದು ಸರ್ಕಾರದ ರೂಲು ಕಣಕ್ಕ."

"ಇದು ನನ್ ರೂಲು."

"ಆ ಹುಡುಗಿ ಏನು ಮಾಡಿದ್ಲು?"

"ಏನೂ ಮಾಡಿಲ್ಲ. ಅದಕ್ಕೇ ದಾರಿ ಹೇಳ್ತಾ ಇವ್ನಿ. ನಿಮ್ಮ ಮಗ ಖಾಲಿ ಬಾಟ್ಲಿ ಹಿಡ್ಕಂಡು ಶಿರಂಗಾಲಕ್ಕೆ ನಡ್ಕಂಡು ಬರ್ಲಿ. ಊರೆಲ್ಲ ನೋಡ್ಲಿ. ಆಮೇಲೆ ಬರ್ತೀನಿ."

"ಅಷ್ಟರಲ್ಲಿ ಏನಾದ್ರೂ ಆದ್ರೆ?"

"ನಾನೂ ಅವತ್ತು ಅವನ್ನ ಅದ್ನೇ ಕೇಳ್ದೆ."

ಬಸ್ಸು ಬಂತು. ದೇವೀರಮ್ಮ ಹಿಂತಿರುಗಿ ನೋಡದೆ ಹತ್ತಿದರು. ವಿಶಾಲಾಕ್ಷಮ್ಮ ಎದುರಿನ ಅಂಗಡಿಯಲ್ಲಿ ಖಾಲಿ ಎಣ್ಣೆ ಬಾಟಲಿಯೊಂದನ್ನು ಬೇಡಿ ತೆಗೆದುಕೊಂಡು ಮನೆಯ ಕಡೆ ಓಡಿದರು.

ನಾನೂ ಅದೇ ಬಸ್ಸು ಹತ್ತಿ ಶಿರಂಗಾಲ ದಾಟಿ ಹೋದೆ. ಕಾಂಪೌಂಡರ್ ಆ ಬಾಟಲಿ ಹಿಡಿದು ನಡೆದನೇ, ಹುಡುಗಿ ಉಳಿದಳೇ, ನನಗೆ ಇಂದಿಗೂ ತಿಳಿಯದು.