ತಟ್ಟದೆ ತೆರೆದ ಬಾಗಿಲು

ಬಹರೇನಿನ ರಿಫಾದಲ್ಲಿ ಮಳೆ ಬಂದರೆ ನೀರು ಹೋಗಲು ದಾರಿಯೇ ಇಲ್ಲ. ತೊಂಬತ್ತೆಂಟರ ಆ ಸಂಜೆ ಕಾರು ತೆಗೆಯಲಾಗದೆ ನಾವು ನಾಲ್ಕೈದು ಮಂದಿ ಕಾಂತಕ್ಕನ ಫ್ಲ್ಯಾಟಿನಲ್ಲೇ ಉಳಿದೆವು. ಕರೆಂಟೂ ಹೋಯಿತು. ನಮ್ಮ ಜೊತೆಗಿದ್ದ ಕ್ಷಮಾ ತಮಾಷೆಗೆ ಅಲ್ಲಿನ ಹಳೆಯ ಅರಮನೆಯ ದೆವ್ವದ ಸುದ್ದಿ ಎತ್ತಿದಳು. ಕಾಂತಕ್ಕ ಮೇಣದಬತ್ತಿ ಹಚ್ಚಿ ಎದುರಿಗೆ ಕೂತರು.

"ನಗಬೇಡ ಮಾರಾಯ್ತಿ, ಕೇಳು... ಆ ಅರಮನೆ ಶೇಖ್ ಮನೆತನದವರು ಹಿಂದೆ ಕಟ್ಟಿಸಿದ್ದು. ಇಟಲಿಯ ಮಾದರಿ, ಎದುರಿಗೆ ದಪ್ಪ ದಪ್ಪ ಕಂಬ, ಮೇಲೆ ತ್ರಿಕೋನದ ಮುಖ, ಎಡಕ್ಕೆ ಎಂತ ಉಂಟೋ ಬಲಕ್ಕೂ ಅದೇ. 'ಪಲ್ಲೇಡಿಯನ್ ಅಕ್ಕಾ' ಅಂತ ಹೇಳ್ತಿದ್ದ ಯಶ್ವಂತ್, ನನ್ನ ತಂಗಿ ನೀರಜಾಕ್ಷಿಯ ಗಂಡ. ರಿಪೇರಿಯ ಇಂಜಿನಿಯರ್ ಅವನೇ. ಅಲ್ಲೇ ಎಡಗಡೆ ಕೋಣೆಯಲ್ಲಿ ಗೋಡೆ ಕೆಲಸಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಸತ್ತ. ಆಸ್ಪತ್ರೆಯಿಂದ ಪೆಟ್ಟಿಗೆ ಮುಚ್ಚಿಯೇ ಹೆಣ ಊರಿಗೆ ಹೋಯ್ತು, ಇವಳ ಪಾಸ್‌ಪೋರ್ಟ್ ವೀಸಾಕ್ಕೆ ಕೊಟ್ಟದ್ದು ಕೈಗೆ ಬರ್ಲಿಲ್ಲ. ಗಂಡನ ಮುಖ ಕೂಡ ನೋಡ್ಲಿಲ್ಲ ಪಾಪದ್ದು. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಒಂದೇ ಮಾತು, 'ಒಂದು ಸಲ ನೋಡ್ಬೇಕಕ್ಕಾ.'

ಸತ್ತವರಿಗೆ ಬಡಿಸುವ ಕ್ರಮ ನಮ್ಮಲ್ಲಿ ಉಂಟಲ್ಲ? ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು ಹೊರಗೆ ಕೂರುವುದು. ತೆರೆಯುವ ಮೊದಲು ತಟ್ಟಬೇಕು, ಉಣ್ಣುವವರು ಎದ್ದು ಹೋಗ್ಲಿ ಅಂತ. ಆ ಕೋಣೆಯಲ್ಲೇ ಬಡಿಸ್ತೇನೆ ಅಂತ ಹಟ ಹಿಡಿದಳು. ಕಾವಲಿನವನ ಕಾಲು ಹಿಡಿದು ಒಳಗೆ ಹೋದೆವು. ಕೋಳಿ ಸಾರು, ರೊಟ್ಟಿ, ಅವನಿಗೆ ಬೇಕಾದದ್ದೆಲ್ಲ ಬಡಿಸಿ ಹೊರಗೆ ಕೂತೆವು...

ಸ್ವಲ್ಪ ಹೊತ್ತಿಗೆ ಒಳಗೆ ರೊಟ್ಟಿ ಮುರಿಯುವ ಸದ್ದು. ನಾನು ತಟ್ಟಲು ಕೈ ಎತ್ತಿದೆ. ಅವಳು ನನ್ನ ಕೈ ಹಿಡಿದಳು, 'ತಟ್ಟಿದ್ರೆ ಹೋಗಿಬಿಡ್ತಾರೆ' ಅಂತ ಹೇಳಿ ಬಾಗಿಲು ನೂಕಿದಳು. ಅವನು ನಮಗೆ ಬೆನ್ನು ಹಾಕಿ ಕೂತು ಉಣ್ತಿದ್ದ ಮಕ್ಕಳೇ, ನಾನೇ ನೋಡಿದೆ. ಇವಳು ಓಡಿ ಹೋಗಿ ಹೆಗಲು ಮುಟ್ಟಿದಳು... ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಾನು ತೆರೆದಾಗ ಎಲೆ ಖಾಲಿ. ಕಿಟಕಿಗೆಲ್ಲ ಸರಳು, ಬೇರೆ ದಾರಿ ಇಲ್ಲ. ನೀರಜಾಕ್ಷಿ ಇಲ್ಲ. ಪೊಲೀಸರು ನೆಲ ಅಗೆದೂ ನೋಡಿದ್ರು.

ಅವತ್ತಿನಿಂದ ಪ್ರತಿ ವರ್ಷ ಇಲ್ಲೇ ಒಳಗಿನ ಕೋಣೆಯಲ್ಲಿ ಎರಡು ಎಲೆ ಹಾಕ್ತೇನೆ. ಒಡಹುಟ್ಟಿದವಳು, ಬಿಡಲಿಕ್ಕಾಗ್ತದಾ? ತೆರೆಯುವ ಮೊದಲು ತಪ್ಪದೆ ತಟ್ತೇನೆ. ಈ ವರ್ಷವೂ ತಟ್ಟಲು ಹೋದೆ..."

ಕಾಂತಕ್ಕ ವಾಲಿದ ಮೇಣದಬತ್ತಿಯನ್ನು ನೆಟ್ಟಗೆ ಮಾಡಿ ಒಳಗಿನ ಕೋಣೆಯ ಬಾಗಿಲಿನತ್ತ ನೋಡಿದರು.

"ಒಳಗಿನಿಂದ ಅವರೇ ಮೊದಲು ತಟ್ಟಿದ್ರು. ತೆರೆಯುವ ಮೊದಲು ತಟ್ಟುವುದು ಸತ್ತವರು ಎದ್ದು ಹೋಗ್ಲಿ ಅಂತ ಅಲ್ವಾ, ನೀವೇ ಹೇಳಿ. ಅವರ ಲೆಕ್ಕಕ್ಕೆ ಬಾಗಿಲಿನ ಈಚೆ ಇರುವ ನಾನು ಎಂತದು?"