ಓದದೆ ಒತ್ತಿದ ಎಂಟರ್

ಊರು ಯಾವುದಾದರೂ ಆಗಲಿ, ಅಲ್ಲೊಬ್ಬ ಶ್ರೀಮಂತ ಇದ್ದ ಅಂತ ಇಟ್ಟುಕೊಳ್ಳಿ. ರಾಜನಲ್ಲ, ಜಮೀನ್ದಾರನೂ ಅಲ್ಲ. ಊರಾಚೆ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಶೆಡ್ಡು ಹಾಕಿಕೊಂಡು ಆಸ್ಪತ್ರೆಗೆ ಬೇಕಾದ ಯಂತ್ರ ಮಾಡಿಸುತ್ತಿದ್ದ. ಏನು ಯಂತ್ರ? ದಿನ ತುಂಬದೆ ಹುಟ್ಟಿದ ಕೂಸನ್ನು ಬೆಚ್ಚಗಿಡುವ ತೊಟ್ಟಿಲು. ಡಾಕ್ಟರುಗಳು ವಾರ್ಮರ್ ಅಂತಾರೆ. ನೀವು ಅಂಥ ಕೂಸನ್ನ ನೋಡಿದೀರೋ ಇಲ್ಲವೋ, ನಾನು ನೋಡಿದೀನಿ. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಮಲಗುತ್ತದೆ. ಚರ್ಮ ಅನ್ನೋದು ಹಾಲಿನ ಕೆನೆಯಷ್ಟು ತೆಳ್ಳಗೆ.

ಆ ತೊಟ್ಟಿಲ ಮೇಲೆ ಕೆಂಪಗೆ ಕಾಯುವ ಒಂದು ಹೀಟರು. ಕೂಸಿನ ಹೊಟ್ಟೆಗೆ ಅಂಟಿಸುವ ಒಂದು ಪಟ್ಟಿ, ಅದಕ್ಕೊಂದು ತಂತಿ. ಮೈ ಎಷ್ಟು ಬಿಸಿ ಇದೆ ಅಂತ ಆ ತಂತಿ ಹೇಳುತ್ತದೆ. ಮೈ ತಣ್ಣಗಾದರೆ ಹೀಟರು ಕಾಯುತ್ತದೆ, ಬಿಸಿಯಾದರೆ ಆರುತ್ತದೆ. ಇದನ್ನೆಲ್ಲ ನೋಡಿಕೊಳ್ಳೋರು ಯಾರು? ತಾಯಿಯಲ್ಲ, ದಾದಿಯಲ್ಲ, ಯಂತ್ರದೊಳಗಿನ ಪ್ರೋಗ್ರಾಂ. ಅದನ್ನು ಬರೆಯೋರು ಆ ಶೆಡ್ಡಿನಲ್ಲಿ ಇಬ್ಬರೇ. ಚಂದ್ರಹಾಸ ಅಂತ ಒಬ್ಬ, ನಲವತ್ತು ದಾಟಿದವನು. ನಫೀಸಾ ಅಂತ ಒಬ್ಬಳು, ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಅವನು ಅಕ್ಕ ಅಂತಲೇ ಕರೆಯುತ್ತಿದ್ದ.

ಪ್ರೋಗ್ರಾಂ ಬರೆಯೋದಕ್ಕೆ ಎಡಿಟರ್ ಅಂತ ಒಂದು ಬೇಕು. ಎಡಿಟರ್ ಅಂದ್ರೆ ಪೇಪರಿನವರು ಅಂತ ನಾನೂ ತಿಳಿದಿದ್ದೆ, ನಗಬೇಡಿ. ಇದು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವ, ತಿದ್ದುವ ಸಾಧನ. ಬಡಗಿಗೆ ಉಳಿ ಹೇಗೋ ಹಾಗೆ. ಇದರಲ್ಲಿ ಬಿಟ್ಟಿಯದೂ ಇದೆ, ದುಡ್ಡಿನದೂ ಇದೆ. ಬಿಟ್ಟಿಯದನ್ನು ಯಾರೋ ಪುಣ್ಯಾತ್ಮರು ಮಾಡಿ ತಗೊಳ್ಳಿ ಅಂತ ಲೋಕಕ್ಕೇ ಬಿಟ್ಟಿದಾರೆ, ಛತ್ರದ ಊಟ ಇದ್ದ ಹಾಗೆ. ನಫೀಸಾಳದು ಅದು. ಚಂದ್ರಹಾಸನದು ದುಡ್ಡಿನದು. ಆದರೆ ಅವನು ದುಡ್ಡು ಕೊಟ್ಟಿರಲಿಲ್ಲ.

ಅದು ಹೇಗೆ ಅಂತೀರಾ? ಅದನ್ನು ಮಾಡಿದವರು ಬಹಳ ಮರ್ಯಾದಸ್ತರು. ಒಂದು ತಿಂಗಳು ಬಳಸಿ ನೋಡಿ, ಹಿಡಿಸಿದರೆ ಕೊಳ್ಳಿ ಅಂದಿದ್ದರು. ತಿಂಗಳು ಕಳೆದರೂ ಬೀಗ ಹಾಕುತ್ತಿರಲಿಲ್ಲ. ಬರೆದದ್ದನ್ನು ಐದಾರು ಸಲ ಉಳಿಸಿದರೆ ಒಂದು ಸಲ ಪರದೆಯ ನಡುವೆ ಸಣ್ಣ ಚೌಕ ಬರುತ್ತಿತ್ತು. ‘ನೀವು ಇದನ್ನು ಇನ್ನೂ ಕೊಂಡಿಲ್ಲ, ಕೊಳ್ಳುತ್ತೀರಾ?’ ಅಂತ. ಎಂಟರ್ ಕೀಲಿ ಒತ್ತಿದರೆ ಮಾಯ. ಮತ್ತೆ ಬರುತ್ತಿತ್ತು, ಮತ್ತೆ ಒತ್ತುತ್ತಿದ್ದ. ಎಷ್ಟು ವರ್ಷ? ಒಂಬತ್ತು ವರ್ಷ. ಚೌಕ ಬಂದದ್ದು ಕಣ್ಣಿಗೆ ಬೀಳುವ ಮೊದಲೇ ಬೆರಳು ಹೋಗಿ ಒತ್ತಿ ವಾಪಸು ಬಂದಿರುತ್ತಿತ್ತು.

ನಫೀಸಾ ಒಮ್ಮೆ ಅಂದಳು. “ಏನೋ ಚಂದ್ರಾ, ಅದು ಪಾಪ ದಿನಾ ಕೇಳ್ತದೆ, ನೀನು ನೊಣ ಓಡಿಸಿದ ಹಾಗೆ ಓಡಿಸ್ತೀಯಲ್ಲ. ಒಂದೋ ತಗೋ, ಇಲ್ಲಾ ನನ್ನ ಹಾಗೆ ಬಿಟ್ಟೀದು ಹಾಕ್ಕೋ.”

“ನಿಮ್ಮ ಬಿಟ್ಟೀದು ನನ್ನ ಕೈಗೆ ಕೂರಲ್ಲ ಅಕ್ಕಾ. ಇದರಲ್ಲಿ ಕೈ ಓಡುತ್ತೆ.”

“ಕೈ ಓಡುತ್ತೆ ಅಂದಮೇಲೆ ದುಡ್ಡು ಕೊಡಪ್ಪ.”

“ಕೆಲಸ ಯಜಮಾನ್ರದು. ದುಡ್ಡು ನಾನ್ಯಾಕೆ ಕೊಡ್ಲಿ?”

ನ್ಯಾಯವಾದ ಮಾತೇ. ಅವನು ಹೋಗಿ ಶ್ರೀಮಂತನನ್ನು ಕೇಳಿದ. ಶ್ರೀಮಂತ ಕೇಳಿದ, “ಕೊಡದೆ ಇದ್ರೆ ನಿಂತುಹೋಗ್ತದಾ?”

“ಇಲ್ಲ ಸಾರ್, ನಡೀತದೆ. ಆಗಾಗ ಕೇಳ್ತದೆ ಅಷ್ಟೆ.”

“ಕೇಳ್ಲಿ ಬಿಡಯ್ಯ. ನಮ್ಮ ಮನೇಲೂ ಮೂವತ್ತು ವರ್ಷದಿಂದ ಬಳೆ ಬಳೆ ಅಂತ ಕೇಳ್ತಾನೇ ಇದಾಳೆ. ಸಂಸಾರ ನಿಂತುಹೋಯ್ತಾ?”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಈಗ ನೀವೂ ನಕ್ಕಿರಿ, ನಾನು ಇಲ್ಲಿಂದ ನೋಡಿದೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನೋ ಜನ ನಾವು. ಅವನೊಬ್ಬನೇ ಜಿಪುಣ ಅಂತ ತಿಳೀಬೇಡಿ.

ಈಗ ಕೇಳಿ. ಇನ್ನೂ ಆಸ್ಪತ್ರೆಗೆ ಹೋಗದ ಹೊಸ ಮಾದರಿಯ ತೊಟ್ಟಿಲ ಬಗ್ಗೆ ನಫೀಸಾಳಿಗೆ ಒಂದು ದಿನ ಒಂದು ಅನುಮಾನ ಬಂತು. ಕೂಸು ಕಾಲು ಆಡಿಸಿ ಹೊಟ್ಟೆಯ ಪಟ್ಟಿ ಕಿತ್ತುಬಿದ್ದರೆ ಏನಾಗುತ್ತದೆ? ತಂತಿ ಬರೀ ಗಾಳಿಯ ಬಿಸಿ ಹೇಳುತ್ತದೆ. ಪ್ರೋಗ್ರಾಂ ಏನು ತಿಳಿಯುತ್ತದೆ? ಕೂಸು ತಣ್ಣಗಾಗುತ್ತಿದೆ ಅಂತ ತಿಳಿಯುತ್ತದೆ. ಹೀಟರನ್ನು ಇನ್ನೂ ಕಾಯಿಸುತ್ತದೆ. ಕಾಯಿಸುತ್ತಲೇ ಇರುತ್ತದೆ. ಕೆಳಗೆ ಆ ಹಾಲಿನ ಕೆನೆಯಂಥ ಚರ್ಮ. ಸೈರನ್ನೂ ಹೊಡೆಯುವುದಿಲ್ಲ, ಯಾಕೆಂದರೆ ಯಂತ್ರದ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇದೆ.

ಅವಳು ಎಂಟು ದಿನ ಕೂತು ಸರಿಮಾಡಿದಳು. ಪಟ್ಟಿ ಬಿದ್ದರೆ ಹೀಟರು ಆರಬೇಕು, ಸೈರನ್ನು ಕೂಗಬೇಕು, ಹಾಗೆ ಬರೆದಳು. ಮಂಗಳವಾರ ಬೆಳಿಗ್ಗೆ ಕೂಸಿನ ಬದಲು ಬಿಸಿನೀರಿನ ಚೀಲ ಮಲಗಿಸಿ, ಪಟ್ಟಿ ಕಿತ್ತು ಕಿತ್ತು ಪರೀಕ್ಷೆ ಮಾಡಿದಳು. ಇಪ್ಪತ್ತು ಸಲ ಕಿತ್ತಳು, ಇಪ್ಪತ್ತು ಸಲವೂ ಸೈರನ್ನು ಕೂಗಿತು. ಪಾಸಾಯಿತು ಅಂತ ಚೀಟಿ ಅಂಟಿಸಿದಳು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಪ್ರೋಗ್ರಾಮಿನ ಫೈಲು ಇರುವುದು ಒಂದೇ, ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿ. ಇಬ್ಬರೂ ತಮ್ಮ ತಮ್ಮ ಕುರ್ಚಿಯಿಂದಲೇ ಅದನ್ನು ತೆಗೆಯುತ್ತಿದ್ದರು. ತೆಗೆಯುವ ಮೊದಲು “ನಾನು ತೆಗೀತಿದೀನಿ” ಅಂತ ಕೂಗಬೇಕು, ಇನ್ನೊಬ್ಬರು “ಹೂಂ” ಅನ್ನಬೇಕು. ಅಷ್ಟೇ ಅವರ ಕಟ್ಟುಪಾಡು. ಆವತ್ತು ನಫೀಸಾ ಕೂಗಿದಾಗ ಚಂದ್ರಹಾಸ ಹೊರಗೆ ಚಹಾಕ್ಕೆ ಹೋಗಿದ್ದ. ಅವನ ಪರದೆಯಲ್ಲಿ ಹಳೆಯ ಫೈಲು ತೆರೆದೇ ಇತ್ತು. ಅವಳು ನಾಲ್ಕು ಸಲ ಕೂಗಿ, ಯಾರೂ ಇಲ್ಲ ಅಂತ, ಎಂಟು ದಿನದಿಂದ ಬೇರೆಯಾಗಿ ಬರೆದಿಟ್ಟಿದ್ದನ್ನು ಆ ಫೈಲಿಗೆ ಸೇರಿಸಿದಳು.

ಮಧ್ಯಾಹ್ನ ಚಂದ್ರಹಾಸ ಬಂದು ಕೂತ. ಅವನದು ಸಣ್ಣ ಕೆಲಸ. ತೊಟ್ಟಿಲ ಮೇಲೆ ಮೈಬಿಸಿ ತೋರಿಸುವ ಅಂಕಿಗಳು ಚಿಕ್ಕದಾಗಿ ಕಾಣುತ್ತವೆ ಅಂತ ಆಸ್ಪತ್ರೆಯವರು ದೂರಿದ್ದರು, ಒಂದೇ ಸಾಲು ಬದಲಾಯಿಸಿ ಅಂಕಿ ದೊಡ್ಡದು ಮಾಡಿದ. ಉಳಿಸು ಅಂದ. ಚೌಕ ಬಂತು.

ನೋಡಿ, ಅದೇ ಜಾಗ, ಅಷ್ಟೇ ಅಗಲ. ಒಳಗಿನ ಮಾತು ಮಾತ್ರ ಬೇರೆ ಇತ್ತು. ‘ನೀವು ತೆರೆದ ಮೇಲೆ ಈ ಫೈಲನ್ನು ಬೇರೆ ಯಾರೋ ಬದಲಾಯಿಸಿದ್ದಾರೆ. ಅದನ್ನು ಅಳಿಸಿ ನಿಮ್ಮದನ್ನು ಇಡಲೇ?’

ಬೆರಳು ಹೋಯಿತು. ಒತ್ತಿತು. ವಾಪಸು ಬಂತು.

ಎಂಟು ದಿನದ ಕೆಲಸ ಹೋಯಿತು. ಸದ್ದಾಗಲಿಲ್ಲ, ದೀಪ ಮಿನುಗಲಿಲ್ಲ, ಅವನ ಮೈಯೂ ನಡುಗಲಿಲ್ಲ. ಪಾಪ ಮಾಡುವಾಗ ಮೈ ನಡುಗುತ್ತದೆ ಅಂತ ಯಾರು ಹೇಳಿದ್ದು ನಿಮಗೆ? ನಡುಗೋದಿಲ್ಲ. ಅವನು ಮೇಲಿಂದ ಒಂದು ಆಕಳಿಕೆ ತೆಗೆದ.

ಅಂಕಿ ತಾನೇ ದೊಡ್ಡದಾದದ್ದು ಅಂತ ಯಾರೂ ಮತ್ತೆ ಪರೀಕ್ಷೆ ಮಾಡಲಿಲ್ಲ. ಬೆಳಗಿನ ಚೀಟಿ ಇತ್ತಲ್ಲ. ಆ ಪ್ರೋಗ್ರಾಮನ್ನೇ ತುಂಬಿ ನಾಲ್ಕು ತೊಟ್ಟಿಲು ವ್ಯಾನು ಹತ್ತಿದವು. ಒಂದು ತಾಲೂಕಿನ ಆಸ್ಪತ್ರೆಗೆ ಹೋದವು.

ಶುಕ್ರವಾರ ಬೆಳಿಗ್ಗೆ ಬೇರೇನೋ ಕೆಲಸಕ್ಕೆ ನಫೀಸಾ ಆ ಫೈಲು ತೆಗೆದಳು. ಕೆಳಗೆ ಇಳಿದಳು, ಮೇಲೆ ಹತ್ತಿದಳು, ಮತ್ತೆ ಇಳಿದಳು.

“ಚಂದ್ರಾ, ನಾನು ಬರೆದಿದ್ದು ಎಲ್ಲಿ?”

“ಯಾವುದು ಅಕ್ಕಾ?”

“ಪಟ್ಟಿ ಬಿದ್ರೆ ಹೀಟರ್ ಆರಿಸೋದು. ಮಂಗಳವಾರ ಮಧ್ಯಾಹ್ನ ನಿನ್ನ ಹೆಸರಲ್ಲಿ ಉಳಿಸಿದ್ದು ಅಂತಿದೆ. ನಿಂಗೇನಾದ್ರೂ ಕೇಳ್ತಾ?”

“ಕೇಳಿರ್ಬೇಕು.”

“ಏನು ಅಂತ ಕೇಳ್ತು?”

“ಓದ್ಲಿಲ್ಲ ಅಕ್ಕಾ.”

ಅವಳು ಬೈಯಲಿಲ್ಲ. ಬೈಯುವುದಕ್ಕೆ ಹೊತ್ತೆಲ್ಲಿತ್ತು? “ಆಸ್ಪತ್ರೆಗೆ ಫೋನು ಮಾಡು” ಅಂದಳು. ಅವಳೇ ನಂಬರು ಒತ್ತಿ ಅವನ ಕಿವಿಗೆ ಹಿಡಿದಳು.

ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಯಾರೋ ಎತ್ತಿ, “ಇದು ಚೀಟಿ ಕೊಡೋ ಕೌಂಟರ್ರು, ಮಕ್ಕಳ ವಾರ್ಡು ಬೇರೆ” ಅಂತ ಇಟ್ಟುಬಿಟ್ಟರು. ಮೂರನೇ ಸಲ ವಾರ್ಡಿನ ಸಿಸ್ಟರಮ್ಮ ಸಿಕ್ಕಿದಳು.

“ಸಿಸ್ಟರ್, ಹೊಸ ವಾರ್ಮರು ಬಂದಿದ್ಯಲ್ಲ, ಅದರಲ್ಲಿ ಮಕ್ಕಳನ್ನ ಮಲಗ್ಸಿದೀರಾ?”

“ನಾಲ್ಕರಲ್ಲೂ ಇದಾವೆ ಸಾರ್. ಅಂಕಿ ದೊಡ್ಡದು ಮಾಡಿದೀರಿ, ಈಗ ಚೆನ್ನಾಗಿ ಕಾಣ್ಸುತ್ತೆ.”

“ಸಿಸ್ಟರ್, ಹೊಟ್ಟೆ ಮೇಲಿನ ಪಟ್ಟಿ ನೋಡಿ. ನಾಲ್ಕೂ ಮಕ್ಕಳದ್ದು. ಈಗಲೇ ಹೋಗಿ. ಫೋನ್ ಇಡ್ಬೇಡಿ, ಹೋಗಿ.”

ಅವಳು ಫೋನನ್ನು ಮೇಜಿನ ಮೇಲಿಟ್ಟು ಹೋದಳು. ಚಂದ್ರಹಾಸನಿಗೆ ಚಪ್ಪಲಿ ಸದ್ದು ಕೇಳಿಸಿತು. ಎಲ್ಲೋ ಒಂದು ಟ್ರಾಲಿ ಉರುಳಿತು. ಒಂದು ಕೂಸು ಅಳುತ್ತಿತ್ತು. ಆಮೇಲೆ ಆ ಅಳು ನಿಂತಿತು.

ಯಾಕೆ ನಿಂತಿತು? ಎತ್ತಿಕೊಂಡರು ಅಂತಲೋ? ಅಥವಾ? ಅವನಿಗೆ ಹೇಗೆ ಗೊತ್ತಾಗಬೇಕು? ನಾನು ಇಲ್ಲಿ ಸ್ವಲ್ಪ ಸುಮ್ಮನಿರ್ತೀನಿ. ನೀವು ಒಂದರಿಂದ ಅರವತ್ತು ಎಣಿಸಿ. ಆ ಕುರ್ಚಿಯಲ್ಲಿ ನೀವೇ ಕೂತಿದೀರಿ ಅಂದ್ಕೊಂಡು ಎಣಿಸಿ.

...

ಉದ್ದ ಅನ್ನಿಸ್ತಲ್ಲ? ಅವನು ಅಂಥ ನಾಲ್ಕು ನಿಮಿಷ ಕಾದ.

ಸಿಸ್ಟರು ಏದುಸಿರು ಬಿಡುತ್ತಾ ಬಂದಳು. “ಮೂರು ಸರಿ ಇದೆ ಸಾರ್. ಕೊನೇದರದು ಬಿದ್ದಿತ್ತು. ಮೈಯೆಲ್ಲ ಕಾದುಬಿಟ್ಟಿದೆ, ಕೂಸನ್ನ ಎತ್ತಿದೀವಿ. ಡಾಕ್ಟರ್ ಬಂದ್ರು, ಇಡ್ತೀನಿ.” ಅಷ್ಟೇ. ಫೋನು ಸತ್ತಿತು.

ಕೂಸು ಬದುಕಿತು. ಹೊಟ್ಟೆಯ ಮೇಲೆ ಸುಟ್ಟ ಕಲೆ ಉಳಿಯಿತು. ಇನ್ನರ್ಧ ಗಂಟೆ ತಡವಾಗಿದ್ದರೆ ಕಲೆ ಉಳಿಯುವುದಕ್ಕೆ ಮೈಯೇ ಇರುತ್ತಿರಲಿಲ್ಲ ಅಂದರಂತೆ ಡಾಕ್ಟರು.

ಹತ್ತು ದಿನ ಬಿಟ್ಟು ಶ್ರೀಮಂತನೂ ಚಂದ್ರಹಾಸನೂ ಆಸ್ಪತ್ರೆಗೆ ಹೋದರು. ತಾಯಿ ವಾರ್ಡಿನಲ್ಲಿ ಮಂಚದ ಮೇಲೆ ಕೂತಿದ್ದಳು. ಯಂತ್ರ ಮಾಡಿದವರು ಅಂತ ಯಾರೋ ಹೇಳಿದರು. ಪಾಪ, ಅವಳಿಗೇನು ಗೊತ್ತು? ಎದ್ದು ನಿಂತು ಕೈಮುಗಿದಳು. “ನಿಮ್ಮ ಮಿಷನ್ನಿಂದ ನನ್ನ ಕೂಸು ಉಳೀತು ಕಣಣ್ಣ” ಅಂದಳು.

ಶ್ರೀಮಂತ ಸುಮ್ಮನೆ ತಲೆ ಆಡಿಸಿದ. ಚಂದ್ರಹಾಸನಿಗೆ ಆಗಲಿಲ್ಲ. “ಇಲ್ಲಮ್ಮ. ಅದು ಸುಟ್ಟಿದ್ದು ನನ್ನಿಂದ” ಅಂದ.

ಅವಳು ಮುಗಿದ ಕೈ ಇಳಿಸಿದಳು. ಕೂಸನ್ನು ಸೆರಗಿನೊಳಗೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಕೂತಳು. ಅವರು ಹೊರಗೆ ಹೋಗುವ ತನಕ ಈ ಕಡೆ ತಿರುಗಲಿಲ್ಲ.

ಈಗ ನಿಮ್ಮಲ್ಲಿ ಲೆಕ್ಕ ಹಾಕೋರು ಇದೀರಿ. ಸ್ವಾಮೀ, ದುಡ್ಡು ಕೊಟ್ಟು ಕೊಂಡಿದ್ದರೆ ಆ ಎರಡನೇ ಚೌಕ ಬರ್ತಿರಲಿಲ್ಲವೇ ಅಂತ ಕೇಳ್ತೀರಿ. ಬರ್ತಿತ್ತು. ಖಂಡಿತಾ ಬರ್ತಿತ್ತು. ಆದರೆ ಒಂಬತ್ತು ವರ್ಷದಲ್ಲಿ ಅಂಥದು ಬಂದದ್ದು ಅದೇ ಮೊದಲ ಸಲ ಆಗಿರುತ್ತಿತ್ತು. ಕೈ ನಿಲ್ಲುತ್ತಿತ್ತು. ಇದೇನಪ್ಪಾ ಅಂತ ಓದುತ್ತಿದ್ದ. ದುಡ್ಡು ಕೊಟ್ಟವನು ಕೊಳ್ಳೋದು ಅದನ್ನೇ. ಬಣ್ಣಬಣ್ಣದ ಅಕ್ಷರ, ಚುರುಕುತನ, ಅದೆಲ್ಲ ಬಿಟ್ಟಿಯದರಲ್ಲೂ ಉಂಟು. ನಫೀಸಾ ಒಂದು ಕಾಸೂ ಕೊಟ್ಟಿರಲಿಲ್ಲ, ಅವಳ ಕೈ ಕೆಟ್ಟಿರಲಿಲ್ಲ. ಯಾಕೆಂದರೆ ಅವಳದು ಕೊಟ್ಟವರು ಮನಸಾರೆ ಕೊಟ್ಟದ್ದು, ಮತ್ತೆ ಕೇಳುತ್ತಿರಲಿಲ್ಲ. ಕೊಂಡರೆ ಕೊಂಡೆ, ದಾನ ತಗೊಂಡರೆ ತಗೊಂಡೆ. ಇವನು ಎರಡೂ ಮಾಡದೆ ನಡುವೆ ಕೂತ. ಕೇಳುವವರ ಬಾಯನ್ನು ದಿನಕ್ಕೆ ಇಪ್ಪತ್ತು ಸಲ ಮುಚ್ಚಿಸೋದನ್ನ ಕಲಿತ. ಆಮೇಲೆ ಕೂಸಿಗೋಸ್ಕರ ಕೇಳಿದಾಗಲೂ ಬಾಯಿ ಮುಚ್ಚಿಸಿದ.

ನೀವು ಕಂಪ್ಯೂಟರು ಮುಟ್ಟೋರಲ್ಲ, ನಿಮಗೇನಂತೆ? ಹೇಳ್ತೀನಿ. ಕಾರಿನಲ್ಲಿ ಬೆಲ್ಟು ಹಾಕದೆ ಇದ್ದರೆ ಕುಂಯ್ ಅನ್ನುತ್ತಲ್ಲ, ಅದಕ್ಕೆ ಬರೀ ಕೊಂಡಿ ತಂದು ಸಿಕ್ಕಿಸಿದೀರಲ್ಲ, ಯಾರು ಯಾರು? ತಲೆ ತಗ್ಗಿಸಿದರೆ ಗೊತ್ತಾಗೋದಿಲ್ಲ ಅಂದ್ಕೋಬೇಡಿ. ಸಕ್ಕರೆ ಕಾಯಿಲೆ ರಿಪೋರ್ಟನ್ನು ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ತಾಯಿ ಇಲ್ಲೇ ಕೂತಿದಾಳೆ. ಮಗಳು “ಅಪ್ಪಾ, ಒಂದ್ ವಿಷಯ” ಅಂದರೆ “ಆಮೇಲೆ” ಅಂತೀರಿ. ನಿನ್ನೆಯೂ ಆಮೇಲೆ, ಮೊನ್ನೆಯೂ ಆಮೇಲೆ. ನೂರು ಸಲ ಅವಳು ಪೆನ್ನಿಗೆ ಕೇಳಿರಬಹುದು, ಪಿಕ್ಚರಿಗೆ ಕೇಳಿರಬಹುದು. ನೂರಾ ಒಂದನೇ ಸಲ ಏನು ಹೇಳೋಕೆ ಬಂದಿದ್ದಳು, ನಿಮಗೆ ಗೊತ್ತಾ? ನನಗೆ ಹೆದರಿಕೆ ಆಗೋದು ಅಲ್ಲಿ. ಕೆಟ್ಟವರಿಗಲ್ಲ ನಾನು ಹೆದರೋದು, ಕೈಗೆ ರೂಢಿಯಾದವರಿಗೆ ಹೆದರ್ತೀನಿ. ನನ್ನ ಕೈಯೂ ಏನೇನು ಕಲಿತು ಕೂತಿದೆಯೋ, ನನಗೂ ಗೊತ್ತಿಲ್ಲ.

ಅದಕ್ಕೆ ಒಂದೇ ಕೆಲಸ ಹೇಳ್ತೀನಿ, ಇವತ್ತೇ ಮಾಡಿ. ನಿಮ್ಮನ್ನು ದಿನಾ ಏನೋ ಕೇಳುವವರು, ನೀವು ದಿನಾ ಬಾಯಿ ಮುಚ್ಚಿಸುವವರು, ಒಬ್ಬರಾದರೂ ಇದ್ದೇ ಇದಾರೆ. ಅವರು ಕೇಳಿದ್ದನ್ನು ಕೊಟ್ಟುಬಿಡಿ. ಕೊಡೋಕಾಗದಿದ್ದರೆ ಆಗಲ್ಲ ಅಂತ ಮುಖ ನೋಡಿ ಹೇಳಿ, ಅವರಿಂದ ತಗೊಂಡದ್ದೇನಾದರೂ ಇದ್ದರೆ ವಾಪಸು ಕೊಡಿ. ನಾಳೆಯಿಂದ ಯಾರೇ ಏನೇ ಕೇಳಲಿ, ಬೇಡ ಅನ್ನುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಬೇಡ ಅನ್ನಿ, ಪರವಾಗಿಲ್ಲ, ಕೇಳಿಸಿಕೊಂಡು ಅನ್ನಿ. ಮನೆಗೆ ಹೋದ ಕೂಡಲೇ ಆ ಮಗಳನ್ನು ಕರೆದು ಎದುರು ಕೂರಿಸಿಕೊಳ್ಳಿ. ಅವಳು ಏನೂ ಇಲ್ಲ ಬಿಡಪ್ಪ ಅನ್ನಬಹುದು. ಅಂದರೂ ಏಳಬೇಡಿ. ಅವಳು ಬಾಯಿ ಬಿಡುವ ತನಕ ಅಲ್ಲೇ ಕೂತಿರಿ.