ಫೈಲಿನಲ್ಲೇ ಉಳಿದ ಹೃದಯದ ರಿಪೋರ್ಟ್

ನಾನು ತಹಸೀನ್ ಗಂಡ ಸೋಹೇಲ, ವಯಸ್ಸು 34 ವರ್ಷ, ಉದ್ಯೋಗ: ಬಟ್ಟೆ ಹೊಲಿಗೆ, ವಾಸ: ಹುಮನಾಬಾದ್. ದಿನಾಂಕ 15-11-2024ರಂದು ಬೆಳಿಗ್ಗೆ 11-15ಕ್ಕೆ ಬಸವಕಲ್ಯಾಣ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ಸೋಹೇಲ, ವಯಸ್ಸು 38, ಲಾರಿ ಮೆಕ್ಯಾನಿಕ್. ಈ ತಿಂಗಳ 2ರಿಂದ ಅವರಿಗೆ ವೈರಲ್ ಜ್ವರವಿತ್ತು. ಜ್ವರ ಇಳಿದರೂ ದಮ್ಮು ನಿಲ್ಲಲಿಲ್ಲ. ಮನೆಯ ಎಂಟು ಮೆಟ್ಟಿಲು ಹತ್ತಲು ಎರಡು ಸಲ ಕೂರುತ್ತಿದ್ದರು. ದಿನಾಂಕ 12ರಂದು ಬೆಳಿಗ್ಗೆ 10-30ಕ್ಕೆ ಅವರನ್ನು ಸುಮಾರು 30 ಕಿ.ಮೀ. ದೂರದ ಬಸವಕಲ್ಯಾಣದ ಖಾಸಗಿ ದವಾಖಾನೆಗೆ ಕರೆತಂದೆನು. ದವಾಖಾನೆಯ ಹೆಸರು ಲಗತ್ತಿಸಿದ ಚೀಟಿಯಲ್ಲಿದೆ. 11-40ಕ್ಕೆ ಹೃದಯದ ಸ್ಕ್ಯಾನ್ ಆಯಿತು. ಡಾಕ್ಟರನ್ನು ಕಾಣದೆ ಹೋಗಬಾರದೆಂದು ಸ್ಕ್ಯಾನ್ ಮಾಡಿದವರು ಎರಡು ಸಲ ಹೇಳಿದರು. ಮೂರು ತಾಸು ಬೆಂಚಿನ ಮೇಲೆ ಕೂತೆವು. 2-50ಕ್ಕೆ ಡಾ. ಗುರುಶಾಂತ ಇವರು ಕರೆದು, ನಾಡಿಯನ್ನೂ ಹಿಡಿಯದೆ, "ಗ್ಯಾಸ್ ಆಗ್ಯದ. ಮನಿಗಿ ಕರ್ಕೊಂಡು ಹೋಗ್ರಿ" ಎಂದರು. ರಿಪೋರ್ಟ್ ಕೇಳಿದ್ದಕ್ಕೆ, ನಾರ್ಮಲ್ ಇದೆ, ಆಮೇಲೆ ಒಯ್ಯಿರಿ ಎಂದು ತಿಳಿಸಿದರು.

ದಿನಾಂಕ 13ರಂದು ಬೆಳಿಗ್ಗೆ 6-20ಕ್ಕೆ ನನ್ನ ಗಂಡನ ಕೈಯಿಂದ ಚಹಾದ ಕಪ್ಪು ಬಿದ್ದಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಕೂಡಲೇ ಬೀದರಿನ ಆಸ್ಪತ್ರೆಗೆ ಒಯ್ದಾಗ ಅಲ್ಲಿನ ವೈದ್ಯರು, ವೈರಸ್ಸಿನಿಂದ ಹೃದಯ ದುರ್ಬಲವಾಗಿ ಒಳಗೆ ರಕ್ತ ಹೆಪ್ಪುಗಟ್ಟಿದೆ, ಅದರ ತುಣುಕು ಮಿದುಳಿಗೆ ಹೋಗಿದೆ ಎಂದು ತಿಳಿಸಿ, ಹಳೆಯ ಸ್ಕ್ಯಾನ್ ತರಲು ಹೇಳಿದರು.

ದಿನಾಂಕ 14ರಂದು ಮಧ್ಯಾಹ್ನ 4-00ಕ್ಕೆ ನಾನು ಸದರಿ ದವಾಖಾನೆಗೆ ಹೋದಾಗ ನರ್ಸ್ ರೂಪಾಲಿ ಫೈಲಿನಿಂದ ರಿಪೋರ್ಟ್ ತೆಗೆದುಕೊಟ್ಟರು. ಅವರಿಂದಲೇ ಓದಿಸಿದೆನು. ಹೃದಯದಲ್ಲಿ ಎರಡು ಸೆಂ.ಮೀ. ಹೆಪ್ಪು ಇದೆ, ಕೂಡಲೇ ದಾಖಲಿಸಬೇಕು ಎಂದು 12ನೇ ತಾರೀಖು 11-55ಕ್ಕೇ ಕೆಂಪು ಶಾಯಿಯಲ್ಲಿ ಬರೆದಿತ್ತು. ಓದುತ್ತ ಓದುತ್ತ ರೂಪಾಲಿಯ ದನಿ ಸಣ್ಣದಾಯಿತು.

ಅಷ್ಟರಲ್ಲಿ ಬಂದ ಡಾ. ಗುರುಶಾಂತ ಇವರು, ಪೇಷಂಟುಗಳ ಗದ್ದಲದಲ್ಲಿ ರಿಪೋರ್ಟ್ ನೋಡಿರಲಿಲ್ಲ ಎಂದರು. ಬಳಿಕ ರಿಜಿಸ್ಟರ್ ಮುಂದಿಟ್ಟು, ದಾಖಲಾಗಲು ಹೇಳಿದರೂ ನಾವೇ ಮನೆಗೆ ಹೋದೆವೆಂದು ಅದರಲ್ಲಿ ತಾವೇ ಬರೆದು, ನನಗೆ 12ನೇ ತಾರೀಖು ಹಾಕಿ ಸಹಿ ಮಾಡಲು ಹೇಳಿದರು. ನಾನು, "ನೋಡದೇ ನಾರ್ಮಲ್ ಅಂತ ಹ್ಯಾಂಗ ಹೇಳಿದ್ರಿ? ನನ್ನ ಗಂಡಗ ನನ್ನ ಹೆಸರು ಕರಿಯಾಕ ಬರವಲ್ದು. ನಾ ಸಹಿ ಮಾಡಂಗಿಲ್ರಿ" ಎಂದೆನು. ರಿಪೋರ್ಟ್ ವಾಪಸು ಕೇಳಿದರು. ನಾನು ಕೊಡಲಿಲ್ಲ. ಅದನ್ನು ಇದರೊಂದಿಗೆ ಹಾಜರುಪಡಿಸಿ, ಸದರಿಯವರ ಮೇಲೆ ಕಾನೂನು ಕ್ರಮ ಕೋರುತ್ತೇನೆ.

ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿ ಠಾಣೆಯವರು 'ದುಃಖದ ಭರದಲ್ಲಿ' ಎಂದು ಬರೆದಿದ್ದನ್ನು ಹೊಡೆದು ಹಾಕಿಸಿದ್ದೇನೆ. ನಾನು ಹೇಳಿದ್ದು ಸಿಟ್ಟಿನಲ್ಲಿ, ಪೂರ್ಣ ಎಚ್ಚರದಲ್ಲಿ. ಉಳಿದದ್ದು ನಾನು ಹೇಳಿದಂತೆಯೇ ಇದ್ದು, ನಿಜವಾಗಿದೆ.

ಸ್ಥಳ: ಬಸವಕಲ್ಯಾಣ
ದಿನಾಂಕ: 15-11-2024
ಸಹಿ/- ತಹಸೀನ್